ಗಾಳಿಸುದ್ದಿಗೆ ನೀವು ಕೊಡುವ ಉತ್ತರ: ಕನ್ನಡದ ತಾರೆಯರಿಗೊಂದು ಬಹಿರಂಗ ಪತ್ರ

ಕನ್ನಡ ಚಿತ್ರರಂಗದ ನಟ ನಟಿಯರಿಗೆ,
ಹಾಗೂ ಕಲಾವಿದರ ಸಂಘದ ಪದಾಧಿಕಾರಿಗಳಿಗೆ,
ಚಾಮರಾಜಪೇಟೆ, ಬೆಂಗಳೂರು.

ಮಾನ್ಯರೇ,

ನಾನು ಸಿನಿಮಾ ಸುದ್ದಿ ತಿದ್ದಿ, ತಲೆಬರಹ ಕೊಟ್ಟು ಹೊಟ್ಟೆ ಹೊರೆಯುವವನು. ನನ್ನ ಹೆಸರು ಪುಟದಲ್ಲಿ ಬರುವುದು ಅಪರೂಪ. ಆದರೆ ನಿಮ್ಮ ಬಗ್ಗೆ ಹುಟ್ಟುವ ಗಾಳಿಸುದ್ದಿಗಳು ಮೊದಲು ಬಂದು ಬೀಳುವುದು ನನ್ನಂಥವರ ಮೇಜಿನ ಮೇಲೆ. ಆ ಮೇಜಿನ ಈಚೆ ಕೂತು ನೋಡಿದ್ದನ್ನು ನಿಮಗೆ ನೇರವಾಗಿ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಸುಳ್ಳು ಸಾವಿನ ಸುದ್ದಿ ಹೇಗೆ ಬರುತ್ತದೆ ಗೊತ್ತಾ? ಮೊದಲು ಯಾವುದೋ ವಾಟ್ಸ್‌ಆಪ್ ಗುಂಪಿನಲ್ಲಿ ಹಿರಿಯ ಕಲಾವಿದರೊಬ್ಬರ ಕಪ್ಪು ಬಿಳುಪು ಫೋಟೋ ಕಾಣಿಸುತ್ತದೆ. ಕೆಳಗೆ 'ಓಂ ಶಾಂತಿ'. ಯಾರು ಹಾಕಿದ್ದು ಎಂದು ಕೇಳಿದರೆ 'ಬೇರೆ ಗ್ರೂಪಿನಿಂದ ಬಂತು' ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಯೂಟ್ಯೂಬಿನಲ್ಲಿ ಥಂಬ್‌ನೇಲ್ ತಯಾರು. ಒಂದು ಕಡೆ ಹಾರ ಹಾಕಿದ ಫೋಟೋ. ಪಕ್ಕದಲ್ಲಿ ಇನ್ನೊಬ್ಬ ನಟಿ ಬಿಕ್ಕಿ ಅಳುತ್ತಿರುವ ಚಿತ್ರ, ಅದು ಯಾವುದೋ ಹಳೇ ಸಿನಿಮಾದ ದೃಶ್ಯ. ಕೆಂಪು ಬಾಣದ ಗುರುತು. ತಲೆಬರಹದ ಕೊನೆಗೆ 'ಇನ್ನಿಲ್ಲ?' ಎಂಬ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ನೋಡುಗರಿಗಾಗಿ ಹಾಕಿದ್ದಲ್ಲ, ನಾಳೆ ಯಾರಾದರೂ ಕೇಳಿದರೆ 'ನಾವು ಪ್ರಶ್ನೆ ಕೇಳಿದ್ದು ಅಷ್ಟೇ' ಅನ್ನುವುದಕ್ಕೆ. ಅಷ್ಟರಲ್ಲಿ ನಮ್ಮ ಡೆಸ್ಕಿನಲ್ಲಿ ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಆ ಕಲಾವಿದರ ಮ್ಯಾನೇಜರಿಗೆ ಫೋನ್ ಹಚ್ಚಿರುತ್ತಾರೆ. ಆಸ್ಪತ್ರೆಯವರು ಹೇಳುವುದಿಲ್ಲ, ಹೇಳಲೂಬಾರದು. ಮ್ಯಾನೇಜರ್ ಫೋನ್ ಸ್ವಿಚ್ ಆಫ್. ಹಿಂದಿನಿಂದ ಒಂದು ದನಿ ಬರುತ್ತದೆ: 'ಅವರೆಲ್ಲ ಹಾಕಿಬಿಟ್ಟಿದ್ದಾರೆ, ನಮ್ಮದು ಎಲ್ಲಿ?'

ಇದರಲ್ಲಿ ನಮ್ಮ ಕಸುಬಿನವರ ತಪ್ಪು ಎಷ್ಟು ಎಂಬುದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಬರೆಯಬೇಕಾದ್ದೇ. ನಾನು ಇಲ್ಲಿ ಹೇಳುವುದು ನಿಮ್ಮ ಪಾಲಿನ ಬಗ್ಗೆ. ಸುಳ್ಳು ಹುಟ್ಟಿಸುವವರು ನೀವಲ್ಲ, ನಿಜ. ಆದರೆ ಅದು ಎಷ್ಟು ದಿನ ಬದುಕುತ್ತದೆ ಎಂಬುದು ಬಹಳ ಮಟ್ಟಿಗೆ ನೀವು ಏನು ಹೇಳುತ್ತೀರಿ, ಯಾವಾಗ ಹೇಳುತ್ತೀರಿ, ಯಾರ ಬಾಯಲ್ಲಿ ಹೇಳಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

2023ರ ಸೆಪ್ಟೆಂಬರ್ 6ನ್ನು ನೆನಪಿಸಿಕೊಳ್ಳಿ. ರಮ್ಯಾ ಹೃದಯಾಘಾತದಿಂದ ತೀರಿಕೊಂಡರು ಎಂದು ಬೆಳಿಗ್ಗೆ ಸುದ್ದಿ ಹಬ್ಬಿತು. ಮೊದಲು ಹಾಕಿದವರಲ್ಲಿ ತಮಿಳಿನ ಸಿನಿಮಾ ಖಾತೆಗಳಿದ್ದವು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ವಿಜಯ್ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಬ್ಯಾಂಕಾಕ್‌ನಲ್ಲಿ ತೀರಿಕೊಂಡಿದ್ದರು. ರಮ್ಯಾ ಅವರ ಇನ್ನೊಂದು ಹೆಸರು ದಿವ್ಯ ಸ್ಪಂದನ. ಹೆಸರು ಕಲಸಿಕೊಂಡಿತೋ, ಬೇಕಂತಲೇ ಮಾಡಿದರೋ, ಅಂತೂ ಜನ ನಂಬಿದರು. ಯಾಕೆಂದರೆ ಒಂದು ನಿಜವಾದ ಆಘಾತ ಆಗಲೇ ಆಗಿಹೋಗಿತ್ತು. ರಮ್ಯಾ ಆಗ ಜಿನೀವಾದಲ್ಲಿದ್ದರು. ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ನೇರವಾಗಿ ರಮ್ಯಾಗೇ ಫೋನ್ ಮಾಡಿದರು. ಈಗ ತಾನೇ ಮಾತಾಡಿದೆ, ಚೆನ್ನಾಗಿದ್ದಾರೆ, ನಾಳೆ ಪ್ರಾಗ್‌ಗೆ ಹೋಗಿ ಆಮೇಲೆ ಬೆಂಗಳೂರಿಗೆ ಬರುತ್ತಾರೆ ಎಂದು ಬರೆದರು. ಸುದ್ದಿಮನೆಗಳಲ್ಲಿ ಅಲ್ಲಿಗೆ ಗುಲ್ಲು ತಣ್ಣಗಾಯಿತು.

ಆ ನಾಲ್ಕು ಸಾಲಲ್ಲಿ ಏನಿತ್ತು ನೋಡಿ. ಮಾತಾಡಿದ್ದು ಯಾರು, ಯಾವಾಗ, ಆಕೆ ಎಲ್ಲಿಗೆ ಹೋಗುತ್ತಾರೆ, ಯಾವಾಗ ವಾಪಸ್. ಕೋಪ ಇಲ್ಲ, ಶಾಪ ಇಲ್ಲ, 'ಇಂಥವರಿಗೆ ನಾಚಿಕೆಯಾಗಬೇಕು' ಎಂಬ ಭಾಷಣವೂ ಇಲ್ಲ. ಡೆಸ್ಕಿನಲ್ಲಿ ಕೂತವನಿಗೆ ಬೇಕಾದದ್ದು ಇಷ್ಟೇ. ಕೋಪದ ಮಾತು ಬಂದರೆ ಅದೇ ಹೊಸ ತಲೆಬರಹ ಆಗಿಬಿಡುತ್ತದೆ: 'ಗರಂ ಆದ ನಟಿ'. ಆಗ ಸುಳ್ಳಿನ ಎರಡನೇ ಕಂತು ಶುರು. ಮೊದಲ ಕಂತು ನೋಡದವರೂ ಎರಡನೆಯದನ್ನು ನೋಡುತ್ತಾರೆ.

ಇನ್ನೊಂದು ದೊಡ್ಡ ಪ್ರಕರಣ ಮುಂಬೈಯದು. 2025ರ ನವೆಂಬರ್ 11ರ ಬೆಳಿಗ್ಗೆ ಧರ್ಮೇಂದ್ರ ತೀರಿಕೊಂಡರು ಎಂದು ದೊಡ್ಡ ದೊಡ್ಡ ಚಾನೆಲ್‌ಗಳೇ ಹಾಕಿಬಿಟ್ಟವು. ಗಣ್ಯರು ಸಂತಾಪ ಸೂಚಿಸಿ ಆಮೇಲೆ ಅಳಿಸಬೇಕಾಯಿತು. ಅವರು ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಮಗಳು ಇಶಾ ದೇವಲ್, ತಂದೆ ಚೇತರಿಸಿಕೊಳ್ಳುತ್ತಿದ್ದಾರೆ, ನಮ್ಮನ್ನು ನಮ್ಮ ಪಾಡಿಗೆ ಬಿಡಿ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಬರೆದರು. ಹೇಮಾ ಮಾಲಿನಿ ಇನ್ನೂ ಖಾರವಾಗಿ, ಚಿಕಿತ್ಸೆಗೆ ಸ್ಪಂದಿಸುತ್ತಿರುವ ಮನುಷ್ಯನ ಬಗ್ಗೆ ಜವಾಬ್ದಾರಿಯುತ ಚಾನೆಲ್‌ಗಳೇ ಹೀಗೆ ಮಾಡಿದರೆ ಅದು ಕ್ಷಮಿಸಲಾಗದ್ದು ಎಂದರು. ಖಾರ ಇದ್ದರೂ ಅದರಲ್ಲಿ ಮಾಹಿತಿ ಇತ್ತು. ಮರುದಿನ ಅವರನ್ನು ಮನೆಗೆ ಕರೆದುಕೊಂಡು ಹೋದರು. ಅದೇ ತಿಂಗಳು 24ರಂದು ಅವರು ನಿಜವಾಗಿಯೂ ಹೋದರು. ಆ ದಿನ ನನಗೆ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: 'ಈ ಸಲನಾದ್ರೂ ನಿಜಾನಾ?' ಅಷ್ಟು ದೊಡ್ಡ ಕಲಾವಿದನ ಸಾವಿಗೆ ಜನ ಮೊದಲು ಅಳಲಿಲ್ಲ. ಅನುಮಾನಪಟ್ಟರು.

ನಮ್ಮಲ್ಲೂ ದ್ವಾರಕೀಶ್ ಅವರನ್ನು ಜನ ಒಂದಕ್ಕಿಂತ ಹೆಚ್ಚು ಸಲ 'ಕಳಿಸಿಕೊಟ್ಟಿದ್ದರು'. ಅವರು ತಾವೇ ಕ್ಯಾಮೆರಾ ಮುಂದೆ ಬಂದು ಚೆನ್ನಾಗಿದ್ದೀನಿ ಎಂದು ಹೇಳಬೇಕಾಯಿತು. ಇಡೀ ನಾಡನ್ನು ನಗಿಸಿದ ಮನುಷ್ಯ ಬದುಕಿದ್ದೇನೆ ಎಂದು ಸಾಕ್ಷಿ ಒದಗಿಸಬೇಕಾಗಿ ಬಂದದ್ದು ನಮಗೆಲ್ಲ ನಾಚಿಕೆಯ ವಿಷಯ. ಆದರೂ ಒಂದು ಮಾತು ಒಪ್ಪಲೇಬೇಕು, ಸ್ವಂತ ಮುಖ, ಸ್ವಂತ ದನಿಯಷ್ಟು ಬೇಗ ಯಾವುದೂ ಕೆಲಸ ಮಾಡುವುದಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಅಣ್ಣಾವ್ರನ್ನು, ಅಂದರೆ ರಾಜ್‌ಕುಮಾರ್ ಅವರನ್ನು, ಕಾಡುಗಳ್ಳ ವೀರಪ್ಪನ್ ಅಪಹರಿಸಿದಾಗ ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆದರೂ ಆ 108 ದಿನ ಬೆಂಗಳೂರಿನಲ್ಲಿ ಹಬ್ಬದೇ ಉಳಿದ ಗಾಳಿಮಾತೇ ಇಲ್ಲ. ಕಾಡಿನಿಂದ ಬಂದ ಕ್ಯಾಸೆಟ್‌ಗಳಲ್ಲಿ ಅವರದೇ ದನಿ ಕೇಳಿದಾಗ ಜನರಿಗೆ ಸಿಕ್ಕ ಸಮಾಧಾನ ಸರ್ಕಾರದ ಯಾವ ಹೇಳಿಕೆಯಿಂದಲೂ ಸಿಗಲಿಲ್ಲ.

ಹುಷಾರಿಲ್ಲದವರು ಕ್ಯಾಮೆರಾ ಮುಂದೆ ಬರಲಿ ಎಂದು ನಾನು ಹೇಳುತ್ತಿಲ್ಲ. ಬರಬೇಕಾದ್ದು ಅವರ ಜೊತೆಗಾರರು. 2020ರ ಜೂನ್‌ನಲ್ಲಿ ಎಸ್. ಜಾನಕಿ ಅಮ್ಮನ ಬಗ್ಗೆ ಇಂಥದ್ದೇ ಸುದ್ದಿ ಹಬ್ಬಿದಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಾಡಿದ್ದು ಇದನ್ನೇ. ಬೆಳಿಗ್ಗೆಯಿಂದ ತಮಗೆ ಬರುತ್ತಿದ್ದ ಫೋನ್‌ಗಳಿಗೆ ಬೇಸತ್ತು, ಮೊದಲು ಜಾನಕಿ ಅಮ್ಮನ ಜೊತೆ ಮಾತಾಡಿದರು. ಆಮೇಲೆ ಒಂದು ಚಿಕ್ಕ ವಿಡಿಯೋ ಹಾಕಿದರು. ಅವರು ಪೂರ್ತಿ ಆರೋಗ್ಯವಾಗಿದ್ದಾರೆ, ಇಂಥ ಕಲಾವಿದರನ್ನು ಪ್ರಾಣದಂತೆ ಪ್ರೀತಿಸುವ ಜನ ಇದ್ದಾರೆ, ಈ ಸುದ್ದಿ ಕೇಳಿ ಅವರ ಎದೆ ಒಡೆದರೆ ಏನು ಗತಿ, ದಯವಿಟ್ಟು ಜಾಲತಾಣವನ್ನು ಒಳ್ಳೆಯದಕ್ಕೆ ಬಳಸಿ ಎಂಬ ಅರ್ಥದ ಮಾತು. ಕೊನೇ ಕಛೇರಿಯನ್ನು ಮೈಸೂರಿನಲ್ಲೇ ಹಾಡಿದ ಜಾನಕಿ ಅಮ್ಮನ ಬಗ್ಗೆ ಕನ್ನಡಿಗರಿಗೆ ಇರುವ ಮಮತೆ ನಿಮಗೇ ಗೊತ್ತಲ್ಲ. ಆ ವಿಡಿಯೋ ಕನ್ನಡದ ಮನೆಮನೆಗೂ ಹೋಯಿತು.

ಇಲ್ಲಿ 'ಮೊದಲು ಮಾತಾಡಿದರು' ಎಂಬುದು ಮುಖ್ಯ. ಯಾಕೆಂದರೆ ಉಲ್ಟಾ ಆದದ್ದೂ ಇದೆ. 2023ರ ಏಪ್ರಿಲ್ 5ರಂದು ಸುದೀಪ್ ಬಿಜೆಪಿ ಕಡೆ ಹೊರಟಿದ್ದಾರೆ ಎಂಬ ಸುದ್ದಿ ಬೆಳಿಗ್ಗೆಯಿಂದಲೇ ಓಡುತ್ತಿತ್ತು. ಇದು ಸುಳ್ಳುಸುದ್ದಿ ಎಂದು ನಂಬಿದ್ದೇನೆ ಅಂತ ಪ್ರಕಾಶ್ ರಾಜ್ ಬರೆದರು. ಅದೇ ದಿನ ಸುದೀಪ್ ಪತ್ರಿಕಾಗೋಷ್ಠಿಯಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪಕ್ಕ ಕೂತು, ಚುನಾವಣೆಗೆ ನಿಲ್ಲುವುದಿಲ್ಲ, ಆದರೆ ಬೊಮ್ಮಾಯಿ ಅವರ ಪರ ನಿಲ್ಲುತ್ತೇನೆ ಎಂದರು. ಸುದೀಪ್ ನಿಲುವು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ವಿಷಯ ತೂಗಾಡಲು ಬಿಡದೆ ಮೈಕ್ ಮುಂದೆ ಬಂದದ್ದನ್ನು ಮೆಚ್ಚುತ್ತೇನೆ. ಸ್ನೇಹಿತರ ಪರವಾಗಿ 'ಸುಳ್ಳು' ಅನ್ನುವ ಮುಂಚೆ ಆ ಸ್ನೇಹಿತರಿಗೇ ಒಂದು ಫೋನ್ ಮಾಡುವುದು ಒಳ್ಳೆಯದು ಎಂಬ ಪಾಠ ಉಳಿದವರಿಗೆ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಸ್ವಲ್ಪ ಕಹಿ ಅನ್ನಿಸಬಹುದು.

ನಿಮ್ಮಲ್ಲಿ ಕೆಲವರು ಗಾಳಿಸುದ್ದಿಯನ್ನು ಎರಡು ರಾಶಿ ಮಾಡಿಕೊಂಡಿದ್ದೀರಿ. ನೋವು ಕೊಡುವ ಸುದ್ದಿ ಒಂದು ರಾಶಿ, ಕಾಸು ತರುವ ಸುದ್ದಿ ಇನ್ನೊಂದು. ಮೊದಲನೆಯದಕ್ಕೆ ಲಾಯರ್ ನೋಟಿಸ್. ಎರಡನೆಯದಕ್ಕೆ ಮುಗುಳ್ನಗೆ. ಸಿನಿಮಾ ಬಿಡುಗಡೆಗೆ ಮೂರು ವಾರ ಇರುವಾಗ ನಾಯಕ ನಾಯಕಿಯ ನಡುವೆ 'ಏನೋ ಇದೆ' ಎಂಬ ಗುಸುಗುಸು ಶುರುವಾಗುತ್ತದೆ. ನಾವು ಖಚಿತ ಮಾಡಿಕೊಳ್ಳೋಣ ಎಂದು ಫೋನ್ ಮಾಡಿದರೆ ಪ್ರಚಾರದ ಕೆಲಸ ನೋಡುವವರು ಹೇಳುವುದೇನು? 'ಸರ್, ಅಲ್ಲಗಳೆದಿದ್ದಾರೆ ಅಂತ ಹಾಕ್ಬೇಡಿ. ನಿಜ ಅಂತಾನೂ ಹಾಕ್ಬೇಡಿ. ಸುಮ್ನೆ ಬಿಡಿ, ಹಾಗೇ ಓಡ್ಲಿ.' ಈ ಮಾತನ್ನು ಒಬ್ಬರಿಂದ ಕೇಳಿದ್ದಲ್ಲ. ಇದು ಒಂದು ಪದ್ಧತಿಯೇ ಆಗಿದೆ. ವೇದಿಕೆ ಮೇಲೆ ಪ್ರಶ್ನೆ ಬಂದರೆ 'ಕಾದು ನೋಡಿ', 'ಸದ್ಯದಲ್ಲೇ ಗುಡ್ ನ್ಯೂಸ್'. ಆ ಗುಡ್ ನ್ಯೂಸ್ ಆಮೇಲೆ ನೋಡಿದರೆ ಒಂದು ಆಭರಣದ ಅಂಗಡಿಯ ಜಾಹೀರಾತು.

ಇದೇ ದಾರಿಯಲ್ಲಿ ತುದಿ ಮುಟ್ಟಿದವರು ಮಾಡೆಲ್, ನಟಿ ಪೂನಂ ಪಾಂಡೆ. 2024ರ ಫೆಬ್ರವರಿ 2ರಂದು ಅವರು ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಎಂದು ಅವರದೇ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಬಂತು. ಮರುದಿನ ಅವರೇ ಬಂದು, ಬದುಕಿದ್ದೇನೆ, ಜಾಗೃತಿಗಾಗಿ ಹೀಗೆ ಮಾಡಿದೆ ಎಂದರು. ಆ ರೋಗದಿಂದ ನಿಜವಾಗಿ ಹೆಂಡತಿಯನ್ನೋ ತಾಯಿಯನ್ನೋ ಕಳೆದುಕೊಂಡವರು ಆ ಎರಡು ದಿನ ಏನು ಅನುಭವಿಸಿರಬಹುದು? ಇದು ಮುಂಬೈಯ ಹುಚ್ಚಾಟ, ನಮಗೇನು ಅನ್ನಬೇಡಿ. ತಮ್ಮದೇ ಖಾತೆಯಲ್ಲಿ ಬಂದದ್ದನ್ನೂ ನಂಬಬಾರದು ಎಂಬ ಸ್ಥಿತಿಗೆ ಓದುಗರು ಬಂದರಲ್ಲ, ಅದರ ಪೆಟ್ಟು ನಿಮಗೂ ಬೀಳುತ್ತದೆ.

ಹೇಗೆ ಅಂತೀರಾ? ಲಾಭದ ಸುಳ್ಳನ್ನು ನೀವು ಆರು ತಿಂಗಳು ಓಡಲು ಬಿಟ್ಟಿರುತ್ತೀರಿ. ಏಳನೇ ತಿಂಗಳು ನಿಮ್ಮ ಸಂಸಾರದ ಬಗ್ಗೆ, ನಿಮ್ಮ ಮಗುವಿನ ಬಗ್ಗೆ, ನಿಮ್ಮ ಆರೋಗ್ಯದ ಬಗ್ಗೆ ಯಾರೋ ಕೆಟ್ಟದಾಗಿ ಹಬ್ಬಿಸುತ್ತಾರೆ. ಆಗ ನೀವು ಕಣ್ಣೀರು ಹಾಕಿ ಇಲ್ಲ ಅಂದರೂ ಕಾಮೆಂಟಿನಲ್ಲಿ ಜನ ಬರೆಯುವುದು 'ಹೊಸ ಸಿನಿಮಾ ಬರ್ತಿದೆಯಾ?' ಅಂತ. ನಿಮ್ಮ 'ಇಲ್ಲ' ಎಂಬ ಮಾತಿಗೆ ಬೆಲೆ ಹೋಗಿರುತ್ತದೆ. ಅದನ್ನು ನಾನು ಹಾಳು ಮಾಡಲಿಲ್ಲ, ಯೂಟ್ಯೂಬಿನವರೂ ಒಬ್ಬರೇ ಹಾಳು ಮಾಡಲಿಲ್ಲ. ಹೀಗಾದಾಗ ನಿಜವಾಗಿ ನೊಂದವರನ್ನೂ ಜನ ನಂಬುವುದಿಲ್ಲ. ಪ್ರಚಾರದ ಆಟ ಎಂದೂ ಆಡದ ಕಲಾವಿದರೂ ಅದರ ಸಾಲ ತೀರಿಸಬೇಕಾಗುತ್ತದೆ.

ಮೇಘನಾ ರಾಜ್ ಅವರ ವಿಷಯದಲ್ಲಿ ಏನಾಯಿತು ನೋಡಿ. ಅವರ ಪತಿ ಚಿರಂಜೀವಿ ಸರ್ಜಾ 2020ರ ಜೂನ್ 7ರಂದು ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಆಕೆಗೆ ಬಿಗ್‌ಬಾಸ್ ಖ್ಯಾತಿಯ ಪ್ರಥಮ್ ಜೊತೆ ಮದುವೆ ಎಂದು ಒಂದು ಯೂಟ್ಯೂಬ್ ಚಾನೆಲ್ ವಿಡಿಯೋ ಮಾಡಿತು. ಅದಕ್ಕೆ ಲಕ್ಷಗಟ್ಟಲೆ ವ್ಯೂಸ್. ಪ್ರಥಮ್ ಟ್ವೀಟ್ ಮಾಡಿ, ಮೊದಲು ಸುಮ್ಮನಿರೋಣ ಅಂದುಕೊಂಡಿದ್ದೆ, ಇಷ್ಟು ಜನ ನೋಡಿದ ಮೇಲೆ ಬಿಡುವಂತಿಲ್ಲ, ಕಾನೂನು ಕ್ರಮ ತೆಗೆದುಕೊಳ್ಳುತ್ತೇನೆ ಎಂಬ ಅರ್ಥದಲ್ಲಿ ಬರೆದರು. ಅವರ ಮಾತಿನ ಶೈಲಿ ಎಲ್ಲರಿಗೂ ಹಿಡಿಸಲಿಕ್ಕಿಲ್ಲ, ಆದರೆ ಅವತ್ತು ಮಾಡಿದ್ದು ಸರಿಯಾದ ಕೆಲಸ. ಬಾಣಂತಿತನ ಮುಗಿಸಿದ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೇ ಬಂದು 'ನನಗೆ ಮದುವೆ ಇಲ್ಲ' ಎಂದು ಹೇಳಲಿ ಎಂದು ಅವರು ಕಾಯಲಿಲ್ಲ.

ಇನ್ನೊಂದು ಉದಾಹರಣೆ ರಕ್ಷಿತ್ ಶೆಟ್ಟಿ ಅವರದು. 2018ರ ಸೆಪ್ಟೆಂಬರ್‌ನಲ್ಲಿ ಅವರ ಮತ್ತು ರಶ್ಮಿಕಾ ಮಂದಣ್ಣ ಅವರ ನಿಶ್ಚಿತಾರ್ಥ ಮುರಿದಿದೆ ಎಂಬ ಸುದ್ದಿ ಎಲ್ಲ ಕಡೆ ಇತ್ತು. ಬೈಗುಳ ಎಲ್ಲ ರಶ್ಮಿಕಾ ಮೇಲೆ. ರಕ್ಷಿತ್ ಫೇಸ್‌ಬುಕ್ಕಿಗೆ ಮತ್ತೆ ಬಂದು ಬರೆದರು. ಆಕೆಯನ್ನು ನಾನು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಬಲ್ಲೆ, ನಿಮಗಿಂತ ಚೆನ್ನಾಗಿ ಬಲ್ಲೆ, ತೀರ್ಪು ಕೊಡುವುದನ್ನು ನಿಲ್ಲಿಸಿ, ಆಕೆಯನ್ನು ನೆಮ್ಮದಿಯಾಗಿರಲು ಬಿಡಿ ಎಂದರು. ನಿಶ್ಚಿತಾರ್ಥ ಏನಾಯಿತು ಎಂಬುದನ್ನು ಅವರು ಅಲ್ಲಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅದು ಅವರಿಬ್ಬರಿಗೆ ಬಿಟ್ಟದ್ದು. ಆದರೆ ಕಲ್ಲು ಹೊಡೆಯುವ ಕೈಗಳಿಗೆ ಅಡ್ಡ ನಿಂತರು. ಬೈಗುಳ ಪೂರ್ತಿ ನಿಂತಿತಾ? ಇಲ್ಲ, ಇವತ್ತಿಗೂ ನಿಂತಿಲ್ಲ. ಆದರೂ ಆ ಬರಹ ಇರದಿದ್ದರೆ ಆಕೆಯ ಪರವಾಗಿ ತೋರಿಸಲು ಒಂದು ಸಾಲೂ ಇರುತ್ತಿರಲಿಲ್ಲ.

ಸುಮ್ಮನಿದ್ದರೆ ತಾನಾಗಿಯೇ ಸಾಯುತ್ತದೆ ಎಂದು ನಿಮ್ಮ ಹಿರಿಯರು ನಿಮಗೆ ಹೇಳಿಕೊಟ್ಟಿರುತ್ತಾರೆ. ಊರ ಬಾಯಿ ಮುಚ್ಚಿಸೋಕಾಗುತ್ತಾ ಅನ್ನುತ್ತಾರೆ. ಸಣ್ಣಪುಟ್ಟದಕ್ಕೆ ಅದು ಸರಿ. ಯಾರು ಯಾರ ಜೊತೆ ಊಟಕ್ಕೆ ಹೋದರು, ಯಾರು ಯಾರನ್ನು ಅನ್‌ಫಾಲೋ ಮಾಡಿದರು ಎಂಬುದಕ್ಕೆಲ್ಲ ಉತ್ತರ ಕೊಡುತ್ತಾ ಕೂತರೆ ಶೂಟಿಂಗ್‌ಗೆ ಹೋಗುವುದು ಯಾವಾಗ? ಆದರೆ ಒಬ್ಬರ ಮೇಲೆ ಅಪರಾಧ ಹೊರಿಸುವ ಮಾತು ಮೌನದಿಂದ ಸಾಯುವುದಿಲ್ಲ. ಇದಕ್ಕೆ ನಮ್ಮ ಚಿತ್ರರಂಗದಲ್ಲೇ ಇರುವ ಸಾಕ್ಷಿ 1973ರ 'ಗಂಧದ ಗುಡಿ'.

ಆ ಚಿತ್ರದ ಚಿತ್ರೀಕರಣದಲ್ಲಿ ಬಂದೂಕಿನ ಬಗ್ಗೆ ಹುಟ್ಟಿದ ಮಾತು ನಿಮಗೆಲ್ಲ ಗೊತ್ತು. ಬಂದೂಕಿನಲ್ಲಿ ನಿಜವಾದ ಗುಂಡು ಇತ್ತು, ವಿಷ್ಣುವರ್ಧನ್ ಅದನ್ನು ರಾಜ್‌ಕುಮಾರ್ ಕಡೆ ಹಿಡಿದರು ಎಂಬ ಕಥೆ ಊರೂರಿಗೆ ಹೋಯಿತು. ವಿಷ್ಣುವರ್ಧನ್ ಆಗ ಹಿಂದಿನ ವರ್ಷವಷ್ಟೇ 'ನಾಗರಹಾವು' ಮೂಲಕ ಗೆದ್ದ ಹುಡುಗ. ಎದುರಿಗೆ ಇಡೀ ನಾಡಿನ ಆರಾಧ್ಯ ನಟ. ಆಗ ಟಿವಿ ಚಾನೆಲ್ ಇಲ್ಲ, ಫೇಸ್‌ಬುಕ್ ಇಲ್ಲ. ಕಥೆ ಹೋದದ್ದು ಸಲೂನಿನಿಂದ ಹೋಟೆಲಿಗೆ, ಹೋಟೆಲಿನಿಂದ ಟೆಂಟಿಗೆ. ಪ್ರತಿ ನಿಲ್ದಾಣದಲ್ಲೂ ಒಂದು ಸಾಲು ಸೇರುತ್ತಿತ್ತು. ಆ ಕಾಲದ ಹಿರಿಯರನ್ನು ಕೇಳಿ ನೋಡಿ, ಒಬ್ಬೊಬ್ಬರೂ ತಾವೇ ಅಲ್ಲಿದ್ದಂತೆ ಹೇಳುತ್ತಾರೆ. ಅಭಿಮಾನಿಗಳು ಎರಡು ಪಾಳಯ ಆದರು. ವಿಷ್ಣುವರ್ಧನ್ ಜನರ ಸಿಟ್ಟು ತಾಳಲಾರದೆ ಒಂದಷ್ಟು ಕಾಲ ಮದ್ರಾಸಿನಲ್ಲಿ ಇರಬೇಕಾಯಿತು. ಆಮೇಲೆ ಇಬ್ಬರೂ ವೇದಿಕೆಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡರು, ಒಬ್ಬರ ಬಗ್ಗೆ ಒಬ್ಬರು ಗೌರವದಿಂದಲೇ ನಡೆದುಕೊಂಡರು. ಆದರೆ ಇಬ್ಬರೂ ಮತ್ತೆ ಒಂದೇ ಚಿತ್ರದಲ್ಲಿ ನಟಿಸಲಿಲ್ಲ. 2006ರಲ್ಲಿ ರಾಜ್ ಹೋದರು, 2009ರ ಡಿಸೆಂಬರ್ 30ರಂದು ವಿಷ್ಣು ಹೋದರು. ಆ ಮಾತು ಇನ್ನೂ ಹೋಗಿಲ್ಲ. ಇವತ್ತೂ ಹದಿನೆಂಟರ ಹುಡುಗರು, ಆ ಚಿತ್ರವನ್ನು ನೋಡದವರು, ಮೊಬೈಲಿನಲ್ಲಿ ಅದೇ ಜಗಳ ಆಡುತ್ತಾರೆ.

ಮೊದಲ ವಾರದಲ್ಲೇ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, ಸೆಟ್ಟಿನಲ್ಲಿ ಏನಾಯಿತು ಎಂದು ಸರಳವಾಗಿ ಒಂದು ಮಾತು ಹೇಳಿಸಿದ್ದರೆ? ಗೊತ್ತಿಲ್ಲ, ಆಗಲೂ ಕೆಲವರು ನಂಬುತ್ತಿರಲಿಲ್ಲವೇನೋ. ಆದರೆ ಆ ಹೊರೆ ಒಬ್ಬರ ತಲೆಯ ಮೇಲೇ ಮೂವತ್ತಾರು ವರ್ಷ ಕೂರುತ್ತಿರಲಿಲ್ಲ. ದೊಡ್ಡವರ ಬಗ್ಗೆ ಮಾತು ಹಬ್ಬಿದಾಗ ಚಿತ್ರರಂಗ 'ಅವರವರು ನೋಡಿಕೊಳ್ಳಲಿ' ಎಂದು ಕೈಕಟ್ಟಿ ಕೂರುವುದು ಅಂದಿನಿಂದ ಬಂದ ಅಭ್ಯಾಸ. ಇದನ್ನು ಸಂಘ ಬಿಡಬೇಕು.

ಅಭಿಮಾನಿಗಳ ವಿಷಯ ಬಂತು, ಹೇಳಿಬಿಡುತ್ತೇನೆ. ನಿಮ್ಮ ಪರವಾಗಿ ಉತ್ತರ ಕೊಡುವ ಕೆಲಸವನ್ನು ನೀವು ಬಾಯಿಬಿಟ್ಟು ಹೇಳದೆ ಅಭಿಮಾನಿ ಬಳಗಗಳಿಗೆ ಬಿಟ್ಟಿದ್ದೀರಿ. ಅವರು ಕೊಡುವ ಉತ್ತರ ಹೇಗಿರುತ್ತದೆ ಎಂದು ನಿಮಗೂ ಗೊತ್ತು. 2025ರ ಜುಲೈನಲ್ಲಿ ರಮ್ಯಾ, ಒಬ್ಬ ನಟನ ಅಭಿಮಾನಿಗಳು ಎನ್ನಿಸಿಕೊಂಡವರಿಂದ ತಮಗೆ ಬಂದ ಅಶ್ಲೀಲ ಸಂದೇಶಗಳ ಸಂಬಂಧ 43 ಖಾತೆಗಳ ಮೇಲೆ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ಪೊಲೀಸರು ಹಲವರನ್ನು ಬಂಧಿಸಿದರು. ಬಂಧನವಾದ ಹುಡುಗರ ಮನೆಯಲ್ಲಿ ತಂದೆ ತಾಯಿ ಇದ್ದಾರೆ. ಆ ಹುಡುಗರಿಗೆ ಸಮಯಕ್ಕೆ ಸರಿಯಾಗಿ 'ನನ್ನ ಹೆಸರಲ್ಲಿ ಯಾರಿಗೂ ಬೈಯಬೇಡಿ' ಎಂದು ತಮ್ಮ ನೆಚ್ಚಿನ ನಟನ ಬಾಯಿಂದಲೇ ಒಂದು ಗಟ್ಟಿ ಮಾತು ಬಂದಿದ್ದರೆ ಅವರಲ್ಲಿ ಅರ್ಧ ಜನ ಫೋನ್ ಕೆಳಗಿಡುತ್ತಿದ್ದರು. ಇದು ನನ್ನ ನಂಬಿಕೆ.

ಕಾನೂನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಹತ್ತಿರ ಒಳ್ಳೆಯ ವಕೀಲರಿದ್ದಾರೆ. ಆದರೆ ದಾರಿ ಇದೆ. ಅಮಿತಾಭ್ ಬಚ್ಚನ್ ಅವರ ಮೊಮ್ಮಗಳು ಆರಾಧ್ಯಾ ಆರೋಗ್ಯದ ಬಗ್ಗೆ ಕೆಲವು ಚಾನೆಲ್‌ಗಳು ಸುಳ್ಳು ವಿಡಿಯೋ ಹಾಕಿದಾಗ ಕುಟುಂಬ ದೆಹಲಿ ಹೈಕೋರ್ಟಿಗೆ ಹೋಯಿತು. ಮಗುವಿಗೆ ಆಗ ಹನ್ನೊಂದು ವರ್ಷ. 2023ರ ಏಪ್ರಿಲ್ 20ರಂದು ನ್ಯಾಯಾಲಯ ಆ ವಿಡಿಯೋಗಳನ್ನು ತೆಗೆಯಲು ಹೇಳಿತು. ಯಾರ ಮಗುವೇ ಆಗಲಿ, ಎಲ್ಲ ಮಕ್ಕಳಿಗೂ ಘನತೆ ಇದೆ ಎಂದಿತು. ಗೂಗಲ್ ಕೂಡ 2024ರ ಡಿಸೆಂಬರ್‌ನಲ್ಲಿ, ವಿಡಿಯೋದಲ್ಲಿ ಇಲ್ಲದ್ದನ್ನು ತಲೆಬರಹ, ಥಂಬ್‌ನೇಲ್‌ನಲ್ಲಿ ತೋರಿಸಿ ವಂಚಿಸುವ ಯೂಟ್ಯೂಬ್ ಚಾನೆಲ್‌ಗಳ ಮೇಲೆ ಭಾರತದಲ್ಲಿ ಕ್ರಮ ತೆಗೆದುಕೊಳ್ಳುವುದಾಗಿ ಹೇಳಿದೆ. ದೊಡ್ಡ ಜಾಲತಾಣಗಳು ಈ ದೇಶದಲ್ಲೇ ಇರುವ ದೂರು ಅಧಿಕಾರಿಯನ್ನು ನೇಮಿಸಬೇಕು ಎಂದು 2021ರ ಐಟಿ ನಿಯಮಗಳೇ ಹೇಳುತ್ತವೆ. ದೂರು ಕೊಡಿ. ಸುದ್ದಿಗೋಷ್ಠಿಯಲ್ಲಿ 'ಬಿಡಲ್ಲ' ಎಂದು ಗುಡುಗಿ, ಆಮೇಲೆ ದೂರೇ ಕೊಡದೆ ಬಿಟ್ಟರೆ ಸುಳ್ಳು ಮಾಡುವವನಿಗೆ ಇನ್ನೂ ಧೈರ್ಯ ಬರುತ್ತದೆ.

ಹಾಗಂತ 2025ರಲ್ಲಿ ರಾಜ್ಯ ಸರ್ಕಾರ ತಯಾರಿಸಿದ ಸುಳ್ಳುಸುದ್ದಿ ತಡೆ ಮಸೂದೆಯ ಕರಡಿನಂಥದ್ದಕ್ಕೆ ನೀವು ಜೈ ಅನ್ನಬೇಡಿ. ಅದರಲ್ಲಿ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಎಂದಿತ್ತು. ಅಂಥ ಕೋಲು ಕೊಟ್ಟರೆ ಅದು ಮೊದಲು ಬೀಳುವುದು ನಿಮ್ಮ ಸಿನಿಮಾ ಚೆನ್ನಾಗಿಲ್ಲ ಎಂದು ಬರೆದ ಹುಡುಗನ ಬೆನ್ನಿಗೆ. ಸುಳ್ಳು ಹುಟ್ಟಿಸಿ ಕಾಸು ಮಾಡುವವನ ಮೇಲೆ ಹೋಗಿ. ನಂಬಿ ಫಾರ್ವರ್ಡ್ ಮಾಡಿದ ಅಜ್ಜಿಯನ್ನು ಬಿಟ್ಟುಬಿಡಿ.

ಇನ್ನು ನಾನು ಕೇಳಿಕೊಳ್ಳುವುದು. ಸಂಘದಲ್ಲಿ ಒಬ್ಬರನ್ನು ಈ ಕೆಲಸಕ್ಕೇ ಇಡಿ. ಅವರ ಫೋನ್ ರಾತ್ರಿಯೂ ಆನ್ ಇರಲಿ. ಹಿರಿಯ ಕಲಾವಿದರ ಆರೋಗ್ಯದ ಬಗ್ಗೆ ಸುದ್ದಿ ಹಬ್ಬಿದಾಗ ಯಾವ ಸುದ್ದಿಮನೆಯವರು ಕೇಳಿದರೂ ಅವರು 'ಹೌದು' ಅಥವಾ 'ಇಲ್ಲ' ಎಂದು ಹೇಳುವಂತಿರಲಿ. ರೋಗ ಏನು, ಯಾವ ವಾರ್ಡು, ಯಾವ ಡಾಕ್ಟರು ಎಂಬುದೆಲ್ಲ ನಮಗೆ ಬೇಡ. ಕುಟುಂಬದವರ ಒಪ್ಪಿಗೆ ಮೊದಲೇ ಪಡೆದಿಟ್ಟುಕೊಳ್ಳಿ. ಇಬ್ಬರು ನಟರ ನಡುವೆ ಜಗಳ ಎಂದೋ, ಯಾರೋ ಯಾರಿಗೋ ಕೆಡುಕು ಮಾಡಿದರು ಎಂದೋ ಮಾತು ಎದ್ದರೆ ಅದೇ ವಾರ ಇಬ್ಬರನ್ನೂ ಕೂರಿಸಿ ಮಾತಾಡಿಸಿ.

ನಟ ನಟಿಯರಿಗೆ: ಉತ್ತರ ಕೊಡುವುದಿದ್ದರೆ ನಿಮ್ಮದೇ ಖಾತೆಯಲ್ಲಿ, ಕನ್ನಡದಲ್ಲಿ, ನಾಲ್ಕು ಸಾಲಲ್ಲಿ ಕೊಡಿ. ಆ ಸುಳ್ಳು ಥಂಬ್‌ನೇಲನ್ನೇ ನಿಮ್ಮ ಪೋಸ್ಟಿನಲ್ಲಿ ಹಂಚಬೇಡಿ, ಅದಕ್ಕೆ ನೀವೇ ಲಕ್ಷ ಜನರನ್ನು ಕಳಿಸಿದಂತಾಗುತ್ತದೆ. ಒಮ್ಮೆ ಹೇಳಿ ಸುಮ್ಮನಾಗಿ. ಮೂರು ಚಾನೆಲ್‌ಗೆ ಮೂರು ಬೈಟ್ ಬೇಡ. ಹೇಳಲು ಇಷ್ಟವಿಲ್ಲದ ವಿಷಯ ಆದರೆ 'ಇದು ನನ್ನ ಸ್ವಂತ ವಿಷಯ' ಎಂದರೆ ಸಾಕು, ನಾನು ಅದನ್ನೇ ಹಾಗೇ ಹಾಕುತ್ತೇನೆ. ನಿಮ್ಮ ಪ್ರಚಾರದವರಿಗೆ ಒಂದು ಮಾತು ತಿಳಿಸಿ: ಸುಳ್ಳು ಎಂದು ಗೊತ್ತಿರುವ ಜೋಡಿ ಸುದ್ದಿಯನ್ನು ಟಿಕೆಟ್ ಮಾರಲು ಓಡಿಸಬಾರದು. ಈ ಒಂದನ್ನು ನೀವು ಮಾಡಿದರೆ ಸಾಕು, ಉಳಿದದ್ದಕ್ಕೆ ನಿಮ್ಮ ಮಾತನ್ನು ಜನ ನಂಬುತ್ತಾರೆ.

ನಮ್ಮ ಕಡೆಯಿಂದ ನಾನು ಕೊಡಬಲ್ಲ ಭರವಸೆ ಚಿಕ್ಕದು. ನನ್ನ ಪಾಳಿಯಲ್ಲಿ ಕುಟುಂಬದವರೋ ಸಂಘದವರೋ ಹೇಳುವವರೆಗೆ ಯಾರ ಸಾವಿನ ಸುದ್ದಿಯೂ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು ಹೋಗುವುದಿಲ್ಲ. ಹಾಗೆ ಕಾದು ಕೂತವರು ಬೇರೆ ಡೆಸ್ಕುಗಳಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಎತ್ತಿ ಉತ್ತರ ಕೊಡುವ ಒಂದು ಫೋನ್ ನಂಬರ್. ಸಂಘದ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತನ್ನಿ. ಆ ನಂಬರ್ ಯಾವಾಗ ಸಿಗುತ್ತದೆ ಎಂದು ತಿಳಿಸಿದರೆ ನನಗೆ ಪರಿಚಯ ಇರುವ ಎಲ್ಲ ಸಿನಿಮಾ ಡೆಸ್ಕುಗಳಿಗೂ ಅದನ್ನು ನಾನೇ ತಲುಪಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಿನಿಮಾ ಪುಟದ ಒಬ್ಬ ಉಪಸಂಪಾದಕ
ಬೆಂಗಳೂರು